ದೊಡವಾಡದಿಂದ ವಾಸ್ಕೋಗೆ

1961ರಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ ಅಲ್ಲಿನ ಗಣಿ, ಬಂದರು, ಕಟ್ಟಡದ ಕೆಲಸ ನಮ್ಮ ಬೆಳಗಾವಿ, ಧಾರವಾಡ ಸೀಮೆಯ ಜನರನ್ನು ಸೆಳೆಯಿತು. ಮಳೆ ಕೈಕೊಟ್ಟ ವರ್ಷ ದೊಡವಾಡದ ನಮ್ಮ ಚಿಗವ್ವನೂ ಲೋಂಡಾ ಹಾದು ವಾಸ್ಕೋಗೆ ದುಡಿಯಲು ಹೋದಳು. ಅಕ್ಷರ ಬಾರದ ಅವಳ ಪತ್ರವನ್ನು ಬೇರೆ ಯಾರೋ ಬರೆಯುತ್ತಿದ್ದರು. ಮನದ ಮಾತು ಅದರಲ್ಲಿ ಇರುತ್ತಿರಲಿಲ್ಲ. ಆಮೇಲೆ ಎಸ್‌ಟಿಡಿ ಬೂತ್ ಬಂತು. ಮೀಟರ್ ಓಡುವಾಗ ಅವ್ವ ಕೇಳುತ್ತಿದ್ದುದು ಒಂದೇ: "ಊಟಾ ಆತೇನ ತಂಗಿ?"

ಮೊಬೈಲ್ ಮೊದಲು ಗಂಡಸರ ಕಿಸೆ ಸೇರಿತು. ನನಗೆ ಸಂಕಟವಾಗುವುದು ಇದಕ್ಕೇ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿಗೆ ಅರ್ಜಿ ಹಾಕಲು ಚಿಗವ್ವ ಊರಿಗೆ ಬಂದಾಗ, ಅವಳ ಆಧಾರ್‌ಗೆ ಜೋಡಿಸಿದ್ದು ಮಗನ ನಂಬರು. ಒಟಿಪಿ ಹೋದದ್ದು ಗೋವಾದಲ್ಲಿದ್ದ ಅವನಿಗೆ. ಈಗ ಅವಳದೇ ಫೋನಿದೆ. ಕೊಂಕಣಿ ಬೆರೆತ ನಮ್ಮೂರ ಕನ್ನಡದಲ್ಲಿ ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತಾಳೆ, ಬರೆಸುವ ಹಂಗಿಲ್ಲ. ಬ್ಯಾಂಕಿನ ಸಂದೇಶವನ್ನು ಮಾತ್ರ ಇಂದಿಗೂ ಮೊಮ್ಮಗಳೇ ಓದಿ ಹೇಳಬೇಕು.