ಸರ್ಕಾರಿ ಶಾಲೆಯಿಂದ ಇಂಗ್ಲಿಷ್ ಕೈಬಿಟ್ಟಿದ್ದ ಬಂಗಾಳ: ಎರಡು ದಶಕದಲ್ಲಿ ಆಗಿದ್ದೇನು?

ಕೋಲ್ಕತ್ತಾ: ಟಾಲಿಗಂಜ್ ಅಂದ ತಕ್ಷಣ ಬಂಗಾಳಿ ಸಿನಿಮಾ ಸ್ಟುಡಿಯೊಗಳು ನೆನಪಾಗುತ್ತವೆ. ಆದರೆ ದಕ್ಷಿಣ ಕೋಲ್ಕತ್ತಾದ ಈ ಭಾಗಕ್ಕೆ ಇನ್ನೊಂದು ಇತಿಹಾಸವೂ ಇದೆ. ದೇಶ ವಿಭಜನೆ ಬಳಿಕ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಟಾಲಿಗಂಜ್, ಜಾದವಪುರ ಸುತ್ತಮುತ್ತ ವಿಜಯಗಢ, ನೇತಾಜಿ ನಗರದಂತಹ ಕಾಲೊನಿಗಳನ್ನು ಕಟ್ಟಿಕೊಂಡರು. ಮನೆಯ ಜೊತೆಗೆ ಶಾಲೆಗಳನ್ನೂ ತಾವೇ ಕಟ್ಟಿದರು. ಬಂಗಾಳಿ ಮಾಧ್ಯಮದ ಈ ಶಾಲೆಗಳಿಗೆ ನಂತರ ಸರ್ಕಾರದ ಅನುದಾನ ಸಿಕ್ಕಿತು. ಕಾಲೊನಿಗಳು ಎಡಪಕ್ಷಗಳ ಭದ್ರಕೋಟೆಯಾದವು.

1977ರ ಜೂನ್‌ನಲ್ಲಿ ಜ್ಯೋತಿ ಬಸು ನೇತೃತ್ವದ ಎಡರಂಗ ಅಧಿಕಾರಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಇಂಗ್ಲಿಷ್ ಪಾಠವನ್ನು ಕೈಬಿಡಲಾಯಿತು. 1983ರ ಹೊತ್ತಿಗೆ 1ರಿಂದ 5ನೇ ತರಗತಿವರೆಗೆ ಇಂಗ್ಲಿಷ್ ಇರಲಿಲ್ಲ. ಅಕ್ಷರ ಕಲಿಕೆ 6ನೇ ತರಗತಿಯಿಂದ.

ಸರ್ಕಾರದ ವಾದದಲ್ಲಿ ಹುರುಳಿತ್ತು. ಮನೆಯಲ್ಲಿ ಓದು ಬಲ್ಲವರಿಲ್ಲದ ಬಡ ಮಕ್ಕಳು ಇಂಗ್ಲಿಷ್‌ಗೆ ಹೆದರಿ ಶಾಲೆ ಬಿಡುತ್ತಾರೆ, ಮಾತೃಭಾಷೆಯಲ್ಲೇ ಕಲಿತರೆ ಉಳಿಯುತ್ತಾರೆ ಎಂಬುದು ಆ ವಾದ. ಆದರೆ ಬಂಗಾಳಿ ಭಾಷೆ, ಸಾಹಿತ್ಯದ ಚರಿತ್ರೆ ಬರೆದ ವಿದ್ವಾಂಸ ಸುಕುಮಾರ್ ಸೇನ್ ಅವರಂಥವರೇ ಇದನ್ನು ವಿರೋಧಿಸಿದರು. ಎಸ್‌ಯುಸಿಐ ಪಕ್ಷ ವರ್ಷಗಟ್ಟಲೆ ಬೀದಿ ಹೋರಾಟ ನಡೆಸಿತು.

ಲೆಕ್ಕ ತಪ್ಪಿದ್ದೆಲ್ಲಿ? ನಿಯಮ ಖಾಸಗಿ ಶಾಲೆಗಳಿಗೆ ಅನ್ವಯಿಸಲಿಲ್ಲ. ಹಣವಿದ್ದವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸಿದರು. ಅಷ್ಟು ಶಕ್ತಿಯಿಲ್ಲದವರು ಟ್ಯೂಷನ್‌ಗೆ ದುಡ್ಡು ಹೊಂದಿಸಿದರು. ಅದೂ ಆಗದವರ ಮಕ್ಕಳು 6ನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿದರು. ಈ ನೀತಿಯಿಂದ ಶಾಲಾ ದಾಖಲಾತಿ ಸುಧಾರಿಸಲಿಲ್ಲ, ಟ್ಯೂಷನ್ ಖರ್ಚು ಮಾತ್ರ ಹೆಚ್ಚಿತು ಎಂದು ಅರ್ಥಶಾಸ್ತ್ರಜ್ಞ ಜೋಯ್‌ದೀಪ್ ರಾಯ್ ಅಧ್ಯಯನ ಹೇಳಿತು. ತನಿಕಾ ಚಕ್ರವರ್ತಿ ಮತ್ತು ಶಿಲ್ಪಿ ಕಪೂರ್ ಅವರ ಅಧ್ಯಯನ, ಆ ವರ್ಷಗಳಲ್ಲಿ ಓದಿದವರು ಮುಂದೆ ಕಡಿಮೆ ಸಂಬಳ ಪಡೆದದ್ದನ್ನು ತೋರಿಸಿತು. ಬಡವರ ಮಕ್ಕಳಿಗಾಗಿ ಮಾಡಿದ ನಿಯಮದ ಪೆಟ್ಟು ಹೆಚ್ಚಾಗಿ ಬಿದ್ದಿದ್ದು ಅವರಿಗೇ.

ಸರ್ಕಾರ ಹಿಂದೆ ಸರಿದದ್ದು ನಿಧಾನವಾಗಿ. ಅಶೋಕ್ ಮಿತ್ರ ಆಯೋಗ, ಬಳಿಕ 1998ರಲ್ಲಿ ಪವಿತ್ರ ಸರ್ಕಾರ್ ಸಮಿತಿ ವರದಿ ಕೊಟ್ಟವು. 1999ರಲ್ಲಿ 3ನೇ ತರಗತಿಗೆ, 2004ರಲ್ಲಿ 1ನೇ ತರಗತಿಗೆ ಇಂಗ್ಲಿಷ್ ಮರಳಿತು.

ಎಡರಂಗ ಗೆದ್ದ 1977ರಲ್ಲೇ ಕೆನಡಾದ ಕ್ವಿಬೆಕ್ ಪ್ರಾಂತ್ಯ ಫ್ರೆಂಚ್ ಭಾಷಾ ಶಾಸನ ತಂದಿತ್ತು. ಅಲ್ಲಿ ಇಂಗ್ಲಿಷ್ ಸರ್ಕಾರಿ ಶಾಲೆಗಳು ಉಳಿದವು, ಆದರೆ ಪ್ರವೇಶ ಎಲ್ಲರಿಗೂ ಇಲ್ಲ. ಮುಖ್ಯವಾಗಿ, ಕೆನಡಾದಲ್ಲಿ ಇಂಗ್ಲಿಷ್‌ನಲ್ಲೇ ಪ್ರಾಥಮಿಕ ಶಿಕ್ಷಣ ಪಡೆದ ಪೋಷಕರ ಮಕ್ಕಳಿಗೆ ಸೀಟು. ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಸರ್ಕಾರದ ಹಣ ಪಡೆಯದ ಖಾಸಗಿ ಶಾಲೆಗಳಿಗೆ ಮಾತ್ರ ಈ ನಿರ್ಬಂಧವಿಲ್ಲ. ಅಂದರೆ ದುಡ್ಡಿದ್ದವರಿಗೆ ಅಲ್ಲೂ ಒಂದು ಬಾಗಿಲು ತೆರೆದೇ ಇದೆ.

ಕರ್ನಾಟಕದಲ್ಲಿ 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯಗೊಳಿಸಿದ್ದ 1994ರ ಆದೇಶ 2014ರ ಮೇ 6ರಂದು ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. 2019ರಲ್ಲಿ ರಾಜ್ಯ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ಇಲ್ಲೊಂದು ವ್ಯತ್ಯಾಸ ಗಮನಿಸಬೇಕು: ಬಂಗಾಳದಲ್ಲಿ 1999 ಮತ್ತು 2004ರಲ್ಲಿ ಮರಳಿದ್ದು ಇಂಗ್ಲಿಷ್ ಎಂಬ ಒಂದು ವಿಷಯ ಮಾತ್ರ, ಬಂಗಾಳಿ ಶಾಲೆಗಳ ಮಾಧ್ಯಮ ಬದಲಾಗಲಿಲ್ಲ.