ಟಿ.ಎನ್. ಸೀತಾರಾಮ್: ರಂಗದಿಂದ ಕಿರುತೆರೆಗೆ, ನ್ಯಾಯಾಲಯದಿಂದ ನಡುಮನೆಗೆ

ಕನ್ನಡ ಕಿರುತೆರೆಯ ಚರಿತ್ರೆಯನ್ನು ಬರೆಯಹೊರಟವರು ಟಿ.ಎನ್. ಸೀತಾರಾಮ್ ಅವರ ಹೆಸರನ್ನು ದಾಟಿ ಮುಂದೆ ಹೋಗುವುದು ಕಷ್ಟ. ನಾಟಕಕಾರ, ನಟ, ಸಂಭಾಷಣಕಾರ, ಚಲನಚಿತ್ರ ನಿರ್ದೇಶಕ ಎಂಬ ಬೇರೆ ಬೇರೆ ಪಾತ್ರಗಳನ್ನು ಅವರು ನಿರ್ವಹಿಸಿದ್ದರೂ ನಾಡಿನ ಮಧ್ಯಮವರ್ಗದ ಮನೆಗಳಲ್ಲಿ ಅವರು ಪರಿಚಿತರಾದದ್ದು ಧಾರಾವಾಹಿಗಳ ನಿರ್ದೇಶಕರಾಗಿ ಮತ್ತು ಆ ಧಾರಾವಾಹಿಗಳಲ್ಲಿ ಕರಿಕೋಟು ತೊಟ್ಟು ವಾದಿಸುವ ವಕೀಲ ಸಿಎಸ್‌ಪಿ ಆಗಿ. ರಸ್ತೆಯಲ್ಲಿ ಕಂಡವರು ಅವರನ್ನು ಪಾತ್ರದ ಹೆಸರಿನಿಂದಲೇ ಗುರುತಿಸುವಷ್ಟರ ಮಟ್ಟಿಗೆ ಈ ವಕೀಲ ಜನಪ್ರಿಯನಾದ.

1948ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ಸೀತಾರಾಮ್ ಅವರ ಬಾಲ್ಯ, ಯೌವನಗಳ ಬೇರು ಗೌರಿಬಿದನೂರು ಸೀಮೆಯಲ್ಲಿದೆ. ಅವರು ಕಾನೂನು ಪದವೀಧರರು. ಸಮಾಜವಾದಿ ಚಿಂತನೆಯ ಪ್ರಭಾವ ಅವರ ಮೇಲೆ ಗಾಢವಾಗಿತ್ತು. ಕೋರ್ಟಿನ ಕಟ್ಟೆ ಮತ್ತು ಸಮಾಜವಾದದ ಒಡನಾಟ, ಇವೆರಡೂ ಮುಂದೆ ಅವರ ಧಾರಾವಾಹಿಗಳ ಬಂಡವಾಳವಾದವು.

ಅವರು ಬೆಳೆದ ಕಾಲ ಕನ್ನಡ ಹವ್ಯಾಸಿ ರಂಗಭೂಮಿಯ ಸುಗ್ಗಿಕಾಲ. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಆಡಿಸಿದ ಮೇಲೆ ನಾಟಕವೆಂಬುದು ವಿದ್ಯಾವಂತ ಯುವಜನರ ಪಾಲಿಗೆ ರಾಜಕೀಯ ಚರ್ಚೆಯ ತಾಣವೂ ಆಯಿತು. ಸೀತಾರಾಮ್ ಅವರ 'ಆಸ್ಫೋಟ', 'ನಮ್ಮೊಳಗೊಬ್ಬ ನಾಜೂಕಯ್ಯ', 'ಬದುಕ ಮನ್ನಿಸು ಪ್ರಭುವೇ' ನಾಟಕಗಳು ಈ ಪರಂಪರೆಗೆ ಸೇರಿದವು. 'ನಾಜೂಕಯ್ಯ' ಎಂಬ ಹೆಸರೇ ನಗರದ ಸುಶಿಕ್ಷಿತನ ಜಾಣ್ಮೆಯನ್ನು ಕುಟುಕುವಂತಿದೆ. ಯಾರನ್ನೂ ನೋಯಿಸದೆ ತನ್ನ ಕೆಲಸ ಸಾಧಿಸಿಕೊಳ್ಳುವ ಈ ಮನುಷ್ಯ ಮುಂದೆ ಅವರ ಧಾರಾವಾಹಿಗಳಲ್ಲಿಯೂ ನಾನಾ ವೇಷಗಳಲ್ಲಿ ಕಾಣಿಸಿಕೊಂಡಿದ್ದಾನೆ.

ಬೆಳ್ಳಿತೆರೆಯ ಪ್ರವೇಶ ನಟನಾಗಿ ಆಯಿತು. ಪಿ. ಲಂಕೇಶ್ ತಮ್ಮ 'ಬಿರುಕು' ಕಾದಂಬರಿಯನ್ನು ಆಧರಿಸಿ 1976ರಲ್ಲಿ ನಿರ್ದೇಶಿಸಿದ 'ಪಲ್ಲವಿ' ಚಿತ್ರದಲ್ಲಿ ವಿಮಲಾ ನಾಯ್ಡು ಅವರೊಂದಿಗೆ ಸೀತಾರಾಮ್ ಪ್ರಮುಖ ಪಾತ್ರ ವಹಿಸಿದರು. ಲಂಕೇಶರಿಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರವಿದು. ಆದರೆ ನಾಯಕನಟನಾಗಿ ಮುಂದುವರಿಯುವ ದಾರಿಯನ್ನು ಸೀತಾರಾಮ್ ಹಿಡಿಯಲಿಲ್ಲ. ಬರವಣಿಗೆಯೇ ಅವರ ನಿಜವಾದ ಒಲವಾಗಿತ್ತು.

ಮಾಯಾಮೃಗದ ಬೆನ್ನು ಹತ್ತಿ

ದೂರದರ್ಶನದ ಆರಂಭದ ದಿನಗಳಲ್ಲಿ ಧಾರಾವಾಹಿ ಎಂದರೆ ವಾರಕ್ಕೊಮ್ಮೆ ಪ್ರಸಾರವಾಗಿ ಹದಿಮೂರು ಕಂತುಗಳಲ್ಲಿ ಮುಗಿಯುವ ಕಥೆ. ಹಿಂದಿಯ 'ಹಮ್ ಲೋಗ್' 1984ರಲ್ಲಿ ಕಥೆಯನ್ನು ನೂರೈವತ್ತಕ್ಕೂ ಹೆಚ್ಚು ಕಂತುಗಳಿಗೆ ಬೆಳೆಸಿ ತೋರಿಸಿತು. ತೊಂಬತ್ತರ ದಶಕದ ನಡುವಿಗೆ 'ಶಾಂತಿ' ದಿನವಹಿ ಪ್ರಸಾರದ ಪದ್ಧತಿಯನ್ನು ಹಿಂದಿ ಪ್ರೇಕ್ಷಕರಿಗೆ ರೂಢಿಮಾಡಿಸಿತು. ಕನ್ನಡದಲ್ಲಿ ಈ ಬಗೆಯ ದೈನಿಕ ಕಥನಕ್ಕೆ ಸಾಹಿತ್ಯದ ಗಾಂಭೀರ್ಯವನ್ನು ತಂದ ಶ್ರೇಯಸ್ಸು 'ಮಾಯಾಮೃಗ'ಕ್ಕೆ ಸಲ್ಲಬೇಕು. 1998ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರ ಆರಂಭಿಸಿದ ಇದನ್ನು ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆಗೂಡಿ ನಿರ್ದೇಶಿಸಿದರು. ಈ ಪೈಕಿ ಶೇಷಾದ್ರಿ ಅವರು 2000ದಲ್ಲಿ 'ಮುನ್ನುಡಿ' ಚಿತ್ರದೊಂದಿಗೆ ಚಲನಚಿತ್ರರಂಗಕ್ಕೆ ತೆರಳಿ ಅಲ್ಲಿ ಸಾಲುಸಾಲು ರಾಷ್ಟ್ರಪ್ರಶಸ್ತಿಗಳನ್ನು ಪಡೆದರು.

'ಮಾಯಾಮೃಗ'ದಲ್ಲಿ ಅಬ್ಬರದ ಅತ್ತೆಯಿಲ್ಲ, ವಿಷವಿಕ್ಕುವ ಸೊಸೆಯಿಲ್ಲ. ಸಾಲ, ನೌಕರಿ, ಮದುವೆ, ಮನೆಯ ಮರ್ಯಾದೆ ಎಂಬ ದಿನನಿತ್ಯದ ಒತ್ತಡಗಳ ನಡುವೆ ಸರಿತಪ್ಪುಗಳನ್ನು ನಿರ್ಧರಿಸಬೇಕಾದ ಸಾಮಾನ್ಯರಿದ್ದಾರೆ. ಪಾತ್ರಗಳು ಪರಸ್ಪರ ಮಾತನಾಡುವಾಗ ನಡುವೆ ಸುಮ್ಮನಾಗುತ್ತಾರೆ. ಆ ಮೌನವನ್ನು ಕತ್ತರಿಸಿಹಾಕದೆ ಉಳಿಸಿಕೊಂಡದ್ದು ರಂಗಭೂಮಿಯಿಂದ ಬಂದ ನಿರ್ದೇಶಕರ ಗುಣ. ಕಲಾವಿದರಲ್ಲಿಯೂ ಹಲವರು ಹವ್ಯಾಸಿ ರಂಗಭೂಮಿಯವರೇ. ನಾಟಕದ ತಾಲೀಮಿನಲ್ಲಿ ಪಳಗಿದ ನಟವರ್ಗವನ್ನು ಕಿರುತೆರೆಯ ನಿತ್ಯದ ದುಡಿಮೆಗೆ ಒಗ್ಗಿಸಿದ್ದು, ಅದರಿಂದ ಅವರಿಗೆ ಜೀವನೋಪಾಯವೊಂದು ದೊರೆತದ್ದು ಈ ಧಾರಾವಾಹಿಗಳ ಗಮನಾರ್ಹ ಫಲ. ಇದೇ ಕಾರಣದಿಂದ ನಾಟಕದ ತಂಡಗಳಿಗೆ ತಾಲೀಮಿನ ಹೊತ್ತಿಗೆ ನಟರು ಸಿಗದಂತಾಯಿತೆಂಬ ದೂರೂ ಕೇಳಿಬಂತು. ಆ ದೂರಿನಲ್ಲಿ ಹುರುಳಿಲ್ಲದೆ ಇಲ್ಲ.

ಚನ್ನರಾಯಪಟ್ಟಣದ ಕಾದಂಬರಿ

ಹಾಸನ ಜಿಲ್ಲೆ ಕನ್ನಡದ ತೆರೆಗೆ ನಿರ್ದೇಶಕರಿಗಿಂತ ಹೆಚ್ಚಾಗಿ ಕಥೆಗಳನ್ನು ಕೊಟ್ಟ ಸೀಮೆ. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆ 1974ರಲ್ಲಿ ಸಿದ್ದಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' ಚಿತ್ರವಾಯಿತು. ಅರಕಲಗೂಡನ್ನು ಹೆಸರಿನಲ್ಲಿಯೇ ಹೊತ್ತ ಅ.ನ. ಕೃಷ್ಣರಾಯರು ವೃತ್ತಿರಂಗಭೂಮಿಯ ಕಲಾವಿದರ ಬದುಕನ್ನು 'ನಟಸಾರ್ವಭೌಮ' ಕಾದಂಬರಿಗೆ ತಂದರು. ಅವರ 'ಸಂಧ್ಯಾರಾಗ' 1966ರಲ್ಲಿ ತೆರೆ ಕಂಡಿತು. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಜನಿಸಿ 2025ರ ಸೆಪ್ಟೆಂಬರ್ 24ರಂದು ನಿಧನರಾದ ಎಸ್.ಎಲ್. ಭೈರಪ್ಪನವರ ಕೃತಿಗಳಂತೂ ನಿರ್ದೇಶಕರನ್ನು ಮತ್ತೆ ಮತ್ತೆ ಸೆಳೆದಿವೆ. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ 'ವಂಶವೃಕ್ಷ' (1971), ಗಿರೀಶ ಕಾಸರವಳ್ಳಿ ಅವರು ಈಟಿವಿ ಕನ್ನಡಕ್ಕಾಗಿ ನಿರ್ದೇಶಿಸಿದ 'ಗೃಹಭಂಗ' ಧಾರಾವಾಹಿ, ಮೈಸೂರಿನ ರಂಗಾಯಣಕ್ಕಾಗಿ ಪ್ರಕಾಶ್ ಬೆಳವಾಡಿ 2021ರಲ್ಲಿ ರಂಗಕ್ಕೇರಿಸಿದ ಸುದೀರ್ಘ ಪ್ರಯೋಗ 'ಪರ್ವ' ಈ ಸಾಲಿನವು.

ಸೀತಾರಾಮ್ ತಮ್ಮ ನಿರ್ದೇಶನದ ಮೊದಲ ಚಲನಚಿತ್ರಕ್ಕೆ ಆಯ್ದುಕೊಂಡದ್ದು ಭೈರಪ್ಪನವರ 'ಮತದಾನ'ವನ್ನು. ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಹಳ್ಳಿಯ ವೈದ್ಯನೊಬ್ಬ ಚುನಾವಣಾ ರಾಜಕೀಯದ ಸುಳಿಗೆ ಸಿಲುಕುವುದು ಅದರ ವಸ್ತು. ಹಾಸನ ಸೀಮೆಯ ಓದುಗರಿಗೆ ಇದು ದೂರದ ಸಂಗತಿಯಲ್ಲ. ಎಚ್.ಡಿ. ದೇವೇಗೌಡರು ಹೊಳೆನರಸೀಪುರದಿಂದ ಪಕ್ಷೇತರ ಅಭ್ಯರ್ಥಿಯಾಗಿ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದದ್ದು 1962ರಲ್ಲಿ. ಅದೇ ನೆಲದ ರಾಜಕಾರಣಿ 1996ರಲ್ಲಿ ಪ್ರಧಾನಿಯಾದರು. ಜಾತಿ, ನೆಂಟಸ್ತಿಕೆ, ಊರಿನ ಹಳೆಯ ಹಗೆ ಇವೆಲ್ಲ ಮತಪೆಟ್ಟಿಗೆಯೊಳಗೆ ಹೇಗೆ ಇಳಿಯುತ್ತವೆ ಎಂಬುದು ಇಲ್ಲಿನ ಜಗಲಿಗಳಲ್ಲಿ ದಿನವೂ ನಡೆಯುವ ಮಾತು.

ಭೈರಪ್ಪನವರ ವಿಚಾರಧಾರೆಯೂ ಸಮಾಜವಾದಿ ಒಲವಿನ ಸೀತಾರಾಮ್ ಅವರದೂ ಬೇರೆ ಬೇರೆ. ಹಾಗಿದ್ದೂ ಈ ಆಯ್ಕೆ ಕೂಡಿಬಂದದ್ದು ವಸ್ತುವಿನ ಬಲದಿಂದಲೇ ಇರಬೇಕು. ಒಳ್ಳೆಯವನೊಬ್ಬ ಅಧಿಕಾರದ ಹತ್ತಿರ ಹೋದಾಗ ಅವನಲ್ಲಿ ಏನು ಉಳಿಯುತ್ತದೆ, ಏನು ಸವೆಯುತ್ತದೆ ಎಂಬ ಪ್ರಶ್ನೆ ಇಬ್ಬರಿಗೂ ಮುಖ್ಯವಾದದ್ದು. ಅನಂತ್ ನಾಗ್, ತಾರಾ, ದೇವರಾಜ್, ಅವಿನಾಶ್ ಅಭಿನಯಿಸಿದ ಚಿತ್ರ 2001ರಲ್ಲಿ ತೆರೆಕಂಡಿತು. 2000ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ಆ ಬಳಿಕ ನಿರ್ದೇಶಿಸಿದ 'ಮೀರಾ ಮಾಧವ ರಾಘವ' (2007) ಮತ್ತು 'ಕಾಫಿ ತೋಟ' (2017) ಇದರ ಎತ್ತರವನ್ನು ಮುಟ್ಟಲಿಲ್ಲ.

ಸಿಎಸ್‌ಪಿಯ ಕಾಲ

2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾದದ್ದು ಸೀತಾರಾಮ್ ಅವರಿಗೆ ಹೊಸ ಅಂಗಳವನ್ನು ಒದಗಿಸಿತು. 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ' ಒಂದರ ಹಿಂದೊಂದು ಬಂದವು. ಇವುಗಳಲ್ಲದೆ 'ಮಳೆಬಿಲ್ಲು', 'ಮಿಂಚು' ಸಹ ಅವರದೇ. ನ್ಯಾಯಾಲಯದ ದೃಶ್ಯಗಳು ಇವುಗಳ ಪ್ರಮುಖ ಆಕರ್ಷಣೆ. ಪಾಟೀಸವಾಲಿನ ನಡುವೆ ಸಾಕ್ಷಿಯ ಒಂದು ಮಾತನ್ನು ಹಿಡಿದು ಕಂತುಗಟ್ಟಲೆ ಎಳೆಯುವ ಕಸಬನ್ನು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ನಿಜವಾದ ಕೋರ್ಟುಗಳಲ್ಲಿ ಇಷ್ಟು ಸ್ವಾರಸ್ಯವಿರುವುದಿಲ್ಲ, ವಾಯಿದೆಯ ಮೇಲೆ ವಾಯಿದೆ ಇರುತ್ತದೆ ಎಂಬುದನ್ನು ಕಕ್ಷಿದಾರರಾಗಿ ಅಲೆದವರೆಲ್ಲ ಬಲ್ಲರು. ಆದರೂ ಕಾನೂನಿನ ಭಾಷೆಯನ್ನು, ಸಾಕ್ಷ್ಯವೆಂದರೇನು ಎಂಬ ತಿಳಿವನ್ನು ಕನ್ನಡದಲ್ಲಿಯೇ ಮನೆಮನೆಗೆ ತಲುಪಿಸಿದ್ದು ಸಣ್ಣ ಕೆಲಸವಲ್ಲ.

ಆಕ್ಷೇಪಗಳೂ ಇವೆ. ಪಾತ್ರಗಳು ಅತಿಯಾಗಿ ಮಾತನಾಡುತ್ತವೆ. ಸಿಎಸ್‌ಪಿ ಆಗಾಗ ವಕೀಲಿಕೆ ಬಿಟ್ಟು ಉಪದೇಶಕ್ಕೆ ಇಳಿಯುತ್ತಾನೆ. ಒಳ್ಳೆಯತನ ಕೊನೆಗೆ ಗೆಲ್ಲಲೇಬೇಕೆಂಬ ಹಟ ಕಥೆಯನ್ನು ಕೆಲವೊಮ್ಮೆ ಬಿಗಿಹಿಡಿಯುತ್ತದೆ. ಟಿಆರ್‌ಪಿಯ ಲೆಕ್ಕ ವಾರವಾರವೂ ಮೇಜಿನ ಮೇಲೆ ಬೀಳುವ ಉದ್ಯಮದಲ್ಲಿ ಓದಿದ, ದುಡಿಯುವ, ಎದುರು ಮಾತನಾಡುವ ಹೆಣ್ಣುಮಕ್ಕಳನ್ನು ಕಥೆಯ ನಡುವೆ ನಿಲ್ಲಿಸಿದ ನಿರ್ದೇಶಕನಿಗೆ ಈ ದೋಷಗಳನ್ನು ಮನ್ನಿಸಬಹುದು.

2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ 'ಮಗಳು ಜಾನಕಿ' ಆರಂಭವಾಯಿತು. ಗಾನವಿ ಲಕ್ಷ್ಮಣ್ ಜಾನಕಿಯಾಗಿ ಮನೆಮಾತಾದರು. 2020ರ ಕೊರೊನಾ ಲಾಕ್‌ಡೌನ್ ಚಿತ್ರೀಕರಣವನ್ನು ತಡೆದಾಗ ಧಾರಾವಾಹಿ ಅರ್ಧದಲ್ಲಿಯೇ ನಿಂತುಹೋಯಿತು. ಕಥೆ ಏನಾಯಿತೆಂದು ವೀಕ್ಷಕರು ಬಹುಕಾಲ ಕೇಳುತ್ತಲೇ ಇದ್ದರು. 2022ರಲ್ಲಿ ಸಿರಿಕನ್ನಡ ವಾಹಿನಿಯಲ್ಲಿ 'ಮತ್ತೆ ಮಾಯಾಮೃಗ' ಬಂತು. ಮೊದಲ 'ಮಾಯಾಮೃಗ'ವನ್ನು ಶಾಲೆಯಿಂದ ಓಡಿಬಂದು ನೋಡುತ್ತಿದ್ದ ಮಕ್ಕಳು ಅಷ್ಟರಲ್ಲಿ ತಾವೇ ಸಂಸಾರಸ್ಥರಾಗಿದ್ದರು. ಲಂಕೇಶರ ಒಡನಾಟ, ಗೌರಿಬಿದನೂರಿನ ದಿನಗಳು ಮತ್ತು ಕಿರುತೆರೆಯ ಏಳುಬೀಳುಗಳನ್ನು ಅರಿಯಬಯಸುವವರಿಗೆ ಅವರ ಆತ್ಮಕಥನ 'ನೆನಪಿನ ಪುಟಗಳು' ಲಭ್ಯವಿದೆ.