ಕಲಾ ಶಿಕ್ಷಕರ ತರಬೇತಿ: ವಿಶ್ವವಿದ್ಯಾಲಯದ ವ್ಯಾಸಂಗ ಮತ್ತು ನಗರ ಸಮುದಾಯದ ಸಹಭಾಗಿತ್ವ

ಪೀಠಿಕೆ
ಚಿತ್ರ ಬರೆಯಬಲ್ಲವರೆಲ್ಲರೂ ಕಲಾ ಶಿಕ್ಷಕರಾಗಲಾರರು. ಕಲೆಯ ಅಭ್ಯಾಸ, ಬೋಧನಾ ಕ್ರಮದ ಅರಿವು ಹಾಗೂ ಮಗು ಬೆಳೆಯುವ ಪರಿಸರದ ಪರಿಚಯ, ಈ ಮೂರೂ ಅವರಿಗೆ ಅವಶ್ಯಕ. ಮೊದಲೆರಡನ್ನು ವಿಶ್ವವಿದ್ಯಾಲಯವು ಒದಗಿಸಬಲ್ಲದು. ಮೂರನೆಯದು ಶಾಲೆಯ ಸುತ್ತಲಿನ ಬೀದಿ, ಕೇರಿಗಳಿಂದಲೇ ದೊರೆಯಬೇಕು.

ಶಾಲೆಗಳಲ್ಲಿ ಕಲಾ ಶಿಕ್ಷಣ
2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ವಯ, 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳಿಗೆ ಅನುಸೂಚಿಯಲ್ಲಿ ಈ ಅವಕಾಶವಿಲ್ಲ. ಬೋಧಕರಿಲ್ಲದ ಕಡೆ ತರಗತಿಯ ಶಿಕ್ಷಕರೇ ಕಲೆಯನ್ನು ಕಲಿಸಬೇಕು. ಇಲ್ಲವಾದಲ್ಲಿ ಮಕ್ಕಳು ಅದರಿಂದ ವಂಚಿತರಾಗುತ್ತಾರೆ. ಆದುದರಿಂದ ಕಲಾ ತರಬೇತಿಯನ್ನು ಚಿತ್ರಕಲಾ ಪದವೀಧರರಿಗೆ ಮಾತ್ರ ಸೀಮಿತಗೊಳಿಸುವಂತಿಲ್ಲ.

ವಿಶ್ವವಿದ್ಯಾಲಯದ ವ್ಯಾಸಂಗ
ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಎರಡು ವರ್ಷಗಳ ಬಿ.ಇಡ್. ವ್ಯಾಸಂಗದಲ್ಲಿ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ಭಾಗವನ್ನು ಸೇರಿಸಿತು. ಶಾಲೆಗಳಲ್ಲಿ ಒಟ್ಟು 20 ವಾರಗಳ ಪ್ರಾಯೋಗಿಕ ಕಾರ್ಯವನ್ನೂ ನಿಗದಿಪಡಿಸಿತು. ದೃಶ್ಯಕಲಾ ಶಿಕ್ಷಣಕ್ಕೆಂದೇ ಪ್ರತ್ಯೇಕ ಡಿಪ್ಲೊಮಾ ವ್ಯಾಸಂಗಕ್ಕೂ ಅವಕಾಶ ಕಲ್ಪಿಸಿತು.

ನಗರ ಸಮುದಾಯದ ಸಹಭಾಗಿತ್ವ
ಇಂತಹ ಸಹಭಾಗಿತ್ವಕ್ಕೆ ಅಗತ್ಯವಾದ ಸಂಪನ್ಮೂಲ ಮೈಸೂರು ನಗರದಲ್ಲಿದೆ. ಮೈಸೂರು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು 1963ರಿಂದ ಶಿಕ್ಷಕರನ್ನು ತರಬೇತುಗೊಳಿಸುತ್ತಿದೆ. ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಕಲಾವಿದರನ್ನು ರೂಪಿಸುತ್ತಿದೆ. ಇದೇ ನಗರದ ಕುಂಬಾರಗೇರಿಯಲ್ಲಿ ಮಣ್ಣಿನ ಗಣೇಶ ಮೂರ್ತಿಗಳು ಸಿದ್ಧವಾಗುತ್ತವೆ. ಬೀಟೆ ಮರದ ಕುಸುರಿ ಕೆತ್ತನೆಯ ಕುಶಲಕರ್ಮಿಗಳೂ ಇಲ್ಲಿದ್ದಾರೆ. ಪ್ರಶಿಕ್ಷಣಾರ್ಥಿಯು ಮಣ್ಣು ಹದ ಮಾಡುವುದನ್ನು ಕುಂಬಾರರಲ್ಲಿ ಕಲಿತು ಅದನ್ನು ಪಾಠವಾಗಿಸಿದಾಗ, ಆ ಕೇರಿಯ ಮಗುವು ತನ್ನ ಮನೆಯ ವಿದ್ಯೆಗೆ ಶಾಲೆಯಲ್ಲಿ ಮನ್ನಣೆ ದೊರೆತುದನ್ನು ಕಾಣುತ್ತದೆ.

ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು 'ಕಲಿ-ಕಲಿಸು' ಕಾರ್ಯಕ್ರಮದ ಮೂಲಕ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರೊಂದಿಗೆ ಕಾರ್ಯನಿರ್ವಹಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆ ಅಥವಾ ಶಾಲಾ ಸಂಕೀರ್ಣಗಳಲ್ಲಿ ನಿವಾಸಿ ಕಲಾವಿದರಿರಬೇಕೆಂಬ ಆಶಯವನ್ನು ವ್ಯಕ್ತಪಡಿಸಿದೆ.

ಗಮನಿಸಬೇಕಾದ ಅಂಶಗಳು
1. ಸಹಭಾಗಿತ್ವವು ಒಂದು ದಿನದ ಭೇಟಿಗೆ ಮುಗಿಯದೆ, ಪ್ರಾಯೋಗಿಕ ಕಾರ್ಯದ ಅವಧಿಯುದ್ದಕ್ಕೂ ಮುಂದುವರಿಯಬೇಕು.
2. ಕುಶಲಕರ್ಮಿಗಳನ್ನು ಬೋಧಕರೆಂದೇ ಪರಿಗಣಿಸಿ ಗೌರವಧನ ನೀಡಬೇಕು. ಗಣೇಶ ಚತುರ್ಥಿಯ ಮುಂಚಿನ ದಿನಗಳು ಅವರ ದುಡಿಮೆಯ ಕಾಲವಾದುದರಿಂದ, ಆಗ ಭೇಟಿಗಳನ್ನು ಏರ್ಪಡಿಸಬಾರದು.
3. ಮಕ್ಕಳ ಕೃತಿಗಳನ್ನು ಅವರ ಹೆಸರಿನೊಂದಿಗೆ ಶಾಲೆಯಲ್ಲಿಯೂ ಕೇರಿಯಲ್ಲಿಯೂ ಪ್ರದರ್ಶಿಸಬೇಕು.
4. ಮಾದರಿಯ ತದ್ರೂಪನ್ನು ಅಳತೆಗೋಲಾಗಿಸದೆ, ಮಗುವಿನ ಗಮನಿಸುವಿಕೆ ಹಾಗೂ ಪ್ರಯತ್ನವನ್ನು ಮೌಲ್ಯಮಾಪನ ಮಾಡಬೇಕು.

ಪ್ರಶಿಕ್ಷಣಾರ್ಥಿಯ ಅವಧಿ ಮುಗಿದ ನಂತರವೂ ಶಾಲೆ ಮತ್ತು ಕೇರಿಯ ಸಂಬಂಧ ಉಳಿದಲ್ಲಿ ಮಾತ್ರ ಈ ತರಬೇತಿಯು ಸಾರ್ಥಕವಾಗುತ್ತದೆ.